ಆ ಹೆಸರು ಆಗಲೇ ಹೋಗಿಬಿಟ್ಟಿದೆ

ಇಂಟರ್‌ನೆಟ್ಟಿನಲ್ಲಿ ಕೆ.ಜಿ.ಎಫ್. ಎಂದು ಹುಡುಕಿದರೆ ಮೊದಲು ಎದುರಾಗುವುದು ಗಡ್ಡ ಬಿಟ್ಟ ಯಶ್. ಬೆನ್ನಿಗೇ ಟ್ರೇಲರು, ಹಾಡು, ಡೈಲಾಗು, ಗಲ್ಲಾಪೆಟ್ಟಿಗೆಯ ಲೆಕ್ಕ. ಕೋಲಾರದ ಚಿನ್ನದ ಗಣಿಯ ಊರು ಬೇಕಾದವರು ಪಕ್ಕದಲ್ಲಿ ಇನ್ನೊಂದು ಪದ ಸೇರಿಸಿ ಕೇಳಿಕೊಳ್ಳಬೇಕು. 2018ರ ಡಿಸೆಂಬರ್ 21ರಂದು ಪ್ರಶಾಂತ್ ನೀಲ್ ಅವರ ಸಿನಿಮಾ ಬರುವ ತನಕ ಈ ಮೂರಕ್ಷರ ಬಸ್ಸಿನ ಬೋರ್ಡಿನದಾಗಿತ್ತು, ಲಗ್ನಪತ್ರಿಕೆಯದಾಗಿತ್ತು, ರೇಷನ್ ಕಾರ್ಡಿನದಾಗಿತ್ತು. 2022ರಲ್ಲಿ ಎರಡನೇ ಭಾಗ ಬಂದ ಮೇಲಂತೂ ಕೇಳುವುದೇ ಬೇಡ. ಸೆಟ್ ಹಾಕಿ ಶೂಟಿಂಗ್ ಮಾಡಿದ್ದು ಇಲ್ಲಿನ ಸೈನೈಡ್ ದಿಬ್ಬಗಳ ಮೇಲೆಯೇ, ಆದರೆ ಕಥೆಯ ಗಣಿಗೆ ಇಟ್ಟ ಹೆಸರು ನರಾಚಿ. ಗಣಿಗೆ ಹೊಸ ಹೆಸರು ಹುಡುಕಿಕೊಂಡವರು ಊರಿನ ಹೆಸರನ್ನು ಮಾತ್ರ ಇದ್ದಂತೆಯೇ ಎತ್ತಿಕೊಂಡರು. ಅದರಿಂದ ಊರಿಗೆ ಹೆಸರೂ ಬಂತು, ಇದ್ದ ಹೆಸರು ಕೈತಪ್ಪಿಯೂ ಹೋಯಿತು.

ಊರಿಗೇ ಹೀಗಾದರೆ ಊರಿನವರ ಪಾಡೇನು?

ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಡೆಯ ಒಬ್ಬ ಕುಮಾರನನ್ನು ಊಹಿಸಿಕೊಳ್ಳಿ. ಊಹೆ ಎಂದೆ ನಿಜ, ಆದರೆ ಇಂಥ ಕುಮಾರರು ಗಣಿಯ ಲೈನುಮನೆಗಳಲ್ಲಿ ಸಾಲಿಗೆ ನಾಲ್ವರಂತೆ ಸಿಗುತ್ತಾರೆ. ಹುಟ್ಟಿದ್ದು 1984ರಲ್ಲಿ. ಪೂರ್ತಿ ಹೆಸರು ಎಂ. ಸೆಲ್ವಕುಮಾರ್. ಎಂ ಅಂದರೆ ಅಪ್ಪ ಮುರುಗೇಶನ್, ನಂದಿದುರ್ಗ ಗಣಿಯಲ್ಲಿ ನೆಲದಡಿಯ ಕೆಲಸ. ಮನೆಯಲ್ಲಿ ಇವನು ಕುಟ್ಟಿ, ಕನ್ನಡ ಮೇಷ್ಟರ ಬಾಯಲ್ಲಿ ಕುಮಾರ, ಕ್ರಿಕೆಟ್ ಆಡುವ ಬಯಲಿನಲ್ಲಿ ಇನ್ನೇನೋ. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅಪ್ಪನಿಗೆ ಕೆಲಸ ಹೋಯಿತು, ಮಗ ರಾಬರ್ಟ್‌ಸನ್‌ಪೇಟೆಯ ಸೈಬರ್ ಕೆಫೆಯಲ್ಲಿ ಅರ್ಧ ಗಂಟೆಗೆ ಇಷ್ಟು ಎಂದು ಕೊಟ್ಟು ಕುಳಿತ. ಪಕ್ಕದವನು ತೋರಿಸಿಕೊಟ್ಟಂತೆ ಮೊದಲ ಇ-ಮೇಲ್ ಖಾತೆ ತೆರೆಯಲು ಹೋಗಿ ಕುಮಾರ್ ಎಂದು ಟೈಪ್ ಮಾಡಿದ. ಆ ಹೆಸರು ಆಗಲೇ ಹೋಗಿಬಿಟ್ಟಿದೆ ಎಂದಿತು ಪರದೆ. ಸೆಲ್ವಕುಮಾರ್? ಅದೂ ಹೋಗಿದೆ. ಆಗಿನ ಫ್ಯಾಷನ್ನಿನಂತೆ ಮುಂದೆ ಕೂಲ್ ಸೇರಿಸಿ ನೋಡಿದ. ಅದನ್ನೂ ಯಾರೋ ತೆಗೆದುಕೊಂಡಿದ್ದರು. ಕೊನೆಗೆ ಸಿಕ್ಕಿದ್ದು ಕೂಲ್‌ಕುಮಾರ್84. ಅರ್ಧ ಗಂಟೆಯಲ್ಲಿ ಕಾಲು ಗಂಟೆ ಹೆಸರಿಗೇ ಖರ್ಚಾಗಿತ್ತು.

ಆನ್‌ಲೈನ್ ಅಡ್ಡಹೆಸರು ಎಂದರೆ ಹುಡುಗಾಟಿಕೆ, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳುವುದು ಎಂದು ತಿಳಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರದ್ದಾದರೂ ಐಡಿ ನೋಡಿ ಇದು ಹೇಗೆ ಬಂತಪ್ಪ ಎಂದು ಕೆದಕಿದರೆ ಹತ್ತರಲ್ಲಿ ಏಳೆಂಟಕ್ಕೆ ಸಿಗುವ ಕಾರಣ ಒಂದೇ, ಇಕ್ಕಟ್ಟು. ಜನ ಹೆಚ್ಚು, ಹೆಸರು ಕಡಿಮೆ. ಮೊದಲು ಬಂದವರು ಒಳ್ಳೆಯದನ್ನೆಲ್ಲ ಎತ್ತಿಕೊಂಡಾಗಿದೆ. ಉಳಿದವರು ಬಾಲ ಕಟ್ಟಿಕೊಂಡು, ಅಂಕಿ ಅಂಟಿಸಿಕೊಂಡು, ಅಕ್ಷರ ತಿರುಚಿಕೊಂಡು ಒಳಗೆ ತೂರಬೇಕು.

1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬಾತ ಐಆರ್‌ಸಿ ಎಂಬ ಹರಟೆಯ ವ್ಯವಸ್ಥೆ ಕಟ್ಟಿದ. ಅಲ್ಲಿ ಒಳಗೆ ಹೋಗುವವರಿಗೆಲ್ಲ ಒಂದೊಂದು ನಿಕ್‌ನೇಮ್ ಬೇಕಿತ್ತು, ಅದು ಒಂಬತ್ತು ಅಕ್ಷರ ಮೀರುವಂತಿರಲಿಲ್ಲ. ಒಂದು ಹೊತ್ತಿನಲ್ಲಿ ಒಂದು ಹೆಸರಿಗೆ ಒಬ್ಬರೇ. ಆದರೆ ಎದ್ದು ಹೋದರೆ ಆ ಹೆಸರು ಖಾಲಿ, ಪ್ಯಾಸೆಂಜರ್ ರೈಲಿನ ಸೀಟಿನ ಹಾಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಇ-ಮೇಲಿನಲ್ಲಿ ಈ ಔದಾರ್ಯ ಕಾಣುವುದು ಕಡಿಮೆ. ಜಿಮೇಲ್‌ನಲ್ಲಿ ಒಬ್ಬರು ತೆಗೆದುಕೊಂಡ ವಿಳಾಸವನ್ನು ಅವರು ಅಳಿಸಿ ಹೋದರೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಇದಕ್ಕೆ ಸರಿಯಾದ ಕಾರಣವೂ ಇದೆ. ಹಳಬರಿಗೆ ಬರಬೇಕಾದ ಪತ್ರ ಹೊಸಬರ ಕೈ ಸೇರಬಾರದು. ಆದರೆ ಪರಿಣಾಮವೇನೆಂದರೆ ಹೆಸರುಗಳ ಗೋದಾಮು ದಿನದಿಂದ ದಿನಕ್ಕೆ ಬರಿದಾಗುತ್ತಲೇ ಹೋಗುತ್ತದೆ, ತುಂಬುವುದಿಲ್ಲ.

ನಂದಿದುರ್ಗಕ್ಕೆ ಈ ತಾಪತ್ರಯ ಹೊಸದಲ್ಲ. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಸಾವಿರಗಟ್ಟಲೆ ಜನ ಬಂದು ಗಣಿಗೆ ಇಳಿದ ಕಾಲ ನೆನಪು ಮಾಡಿಕೊಳ್ಳಿ. ಮಸ್ಟರ್ ರೋಲಿನಲ್ಲಿ ಮುನಿಸ್ವಾಮಿ ಎಂದರೆ ಯಾವ ಮುನಿಸ್ವಾಮಿ? ಗೋವಿಂದನ್ ಎಂದರೆ ಎಷ್ಟನೆಯ ಗೋವಿಂದನ್? ಊರವರ ಪಾಲಿಗೆ ಇದೊಂದು ಸಮಸ್ಯೆಯೇ ಅಲ್ಲ. ಕೋಲಾರ ಸೀಮೆಯಲ್ಲಿ ಮುನಿಯಪ್ಪ ಇಲ್ಲದ ಹಳ್ಳಿಯುಂಟೇ? ಒಂದೇ ಬೀದಿಯಲ್ಲಿ ಮೂವರಿದ್ದರೂ ಒಬ್ಬ ಮಿಲಿಟರಿ ಮುನಿಯಪ್ಪ, ಒಬ್ಬ ಮಿಲ್ಲಿನ ಮುನಿಯಪ್ಪ, ಇನ್ನೊಬ್ಬ ಮೇಲ್ಮನೆ ಮುನಿಯಪ್ಪ ಆಗಿ ಸಲೀಸಾಗಿ ಬೇರೆಯಾಗುತ್ತಾರೆ. ಮಾಡುವ ಕೆಲಸ, ಇರುವ ಮನೆ, ಹಿಂದೆಂದೋ ಆದ ಫಜೀತಿ, ಯಾವುದೋ ಒಂದು ಹಿಡಿಕೆಗೆ ಸಾಕು. ಹಾಗೆಂದು ಹಳ್ಳಿಯ ಈ ಪದ್ಧತಿಯನ್ನು ಹಾಡಿಹೊಗಳುವ ಅಗತ್ಯವೂ ಇಲ್ಲ. ಕುಂಟ, ಮೆಳ್ಳ, ಕರಿಯ ಎಂದು ಮೈಯ ಊನ, ಬಣ್ಣ ಹಿಡಿದು ಕರೆದವರೂ ಅವರೇ, ಜಾತಿ ಹಿಡಿದು ಕರೆದವರೂ ಅವರೇ. ಇಟ್ಟವರಿಗೆ ತಮಾಷೆ, ಹೊತ್ತವನಿಗೆ ಸಾಯುವ ತನಕ ಭಾರ.

ಕಂಪನಿಯ ದಾರಿ ಬೇರೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿ ಕಂಪನಿಗಳು ಹಲವು, ಆಡಳಿತ ಮಾತ್ರ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿ. ಚಿನ್ನದ ಗಣಿ ಎಂದ ಮೇಲೆ ಕಳ್ಳತನದ ಭಯ ಅವರಿಗೆ ಹಗಲೂ ರಾತ್ರಿ. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಮರುದಿನ ಪಕ್ಕದ ಗಣಿಯಲ್ಲಿ ಬೇರೆ ಹೆಸರು ಹೇಳಿ ಸೇರಿಕೊಂಡರೆ ಹಿಡಿಯುವುದು ಹೇಗೆ? ಹೆಸರು ಬದಲಾಗುತ್ತದೆ, ಬೆರಳು ಬದಲಾಗುವುದಿಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದು ಕಂಪನಿಗಳು ಹೊರಟವು. ಗಣಿಯ ಜನ ಒಪ್ಪಲಿಲ್ಲ, ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕೆ.ಜಿ.ಎಫ್. ಕಾರ್ಮಿಕ ಚರಿತ್ರೆಯಲ್ಲಿ ಅದು ದೊಡ್ಡ ಘಟನೆ. ಬೆರಳಚ್ಚು ತೆಗೆಯುವುದು ಆಗಿನ ಜನರ ಕಣ್ಣಿಗೆ ಪೊಲೀಸ್ ಠಾಣೆಯ ಕೆಲಸ, ಕಳ್ಳರಿಗೆ ಮಾಡುವ ಮರ್ಯಾದೆ. ಕೂಲಿಗೆ ಬಂದವನಿಗೆ ಯಾಕೆ?

ಇಂದು ಫೋನು ತೆರೆಯಲು, ಆಧಾರ್‌ಗೆ, ರೇಷನ್ ಅಂಗಡಿಯಲ್ಲಿ ಅಕ್ಕಿ ತರಲು ನಾವೆಲ್ಲ ಬೆರಳು ಒತ್ತಿ ಬರುತ್ತೇವೆ, ಮುಷ್ಕರದ ಮಾತಂತೂ ಇಲ್ಲ. ಆದರೆ ಆ ಜಗಳದ ಗುಟ್ಟು ಈಗಲೂ ಹಾಗೇ ಇದೆ ಎನ್ನಿಸುತ್ತದೆ. ಬೇರೆ ಹೆಸರಿನಲ್ಲಿ ಇನ್ನೊಮ್ಮೆ ಶುರು ಮಾಡುವ ಅವಕಾಶ ಬಡವನಿಗಿದ್ದ ಸಣ್ಣದೊಂದು ಕಿಂಡಿ. ಒಂದು ಖಾತೆ ಬ್ಲಾಕ್ ಆದರೆ ಹೊಸ ಹೆಸರಿನಲ್ಲಿ ಇನ್ನೊಂದು ತೆರೆದು ಬರುವವರನ್ನು ಕಂಡು ಇವತ್ತಿನ ಕಂಪನಿಗಳು ತಲೆ ಕೆಡಿಸಿಕೊಳ್ಳುವುದೂ, ಫೋನ್ ನಂಬರ್ ಕೊಡು, ಮುಖ ತೋರಿಸು ಎನ್ನುವುದೂ ಜಾನ್ ಟೇಲರ್ ಕಂಪನಿಯವರ ತಲೆನೋವೇ. ಅದರಲ್ಲಿ ಕಿಡಿಗೇಡಿಗಳೂ ಇದ್ದಾರೆ, ಬದುಕಿಕೊಳ್ಳಲು ಹೆಸರು ಬದಲಿಸಿದವರೂ ಇದ್ದಾರೆ. ಬೆರಳಚ್ಚಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನು ನಮ್ಮ ಕುಮಾರನ ಎಂ ಕಥೆ. ಪದವಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಕೂಲ್‌ಕುಮಾರ್84 ಎಂಬ ವಿಳಾಸ ಕೊಡಲು ನಾಚಿಕೆಯಾಯಿತು. 2004ರ ಏಪ್ರಿಲ್‌ನಲ್ಲಿ ಶುರುವಾದ ಜಿಮೇಲ್ ಅಷ್ಟು ಹೊತ್ತಿಗೆ ಕೆ.ಜಿ.ಎಫ್. ತಲುಪಿತ್ತು. ಅರ್ಜಿಯಲ್ಲಿ ಎರಡು ಖಾನೆ, ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡನ್ನೂ ತುಂಬದೆ ಮುಂದೆ ಬಿಡುತ್ತಿರಲಿಲ್ಲ. ತಮಿಳರಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲಕ್ಷರ ಹಾಕಿದರೆ ಮುಗಿಯಿತು. ಜಾತಿ ತಿಳಿಸುವ ಬಾಲ ಬೇಡವೆಂದೇ ಬಹಳ ಜನ ಈ ಪದ್ಧತಿ ಉಳಿಸಿಕೊಂಡರು. ಕಾರ್ಮಿಕರಲ್ಲಿ ದೊಡ್ಡ ಪಾಲು ದಲಿತರೇ ಇದ್ದ ಈ ಊರಿನಲ್ಲಿ ಆ ಒಂದಕ್ಷರದ ಬೆಲೆ ಕಡಿಮೆಯದಲ್ಲ. ಕುಮಾರ ಲಾಸ್ಟ್ ನೇಮ್ ಖಾನೆಯಲ್ಲಿ ಎಂ ಎಂದಷ್ಟೇ ತುಂಬಿದ. ಅಲ್ಲಿಂದಾಚೆಗೆ ಅವನ ಆಫೀಸಿನ ಪತ್ರಗಳೆಲ್ಲ ಮಿಸ್ಟರ್ ಎಂ ಎಂದೇ ಶುರುವಾಗುತ್ತವೆ, ಜೇಮ್ಸ್ ಬಾಂಡ್ ಸಿನಿಮಾದ ದೊರೆಯ ಹಾಗೆ.

ಕನ್ನಡದವರ ಇನಿಷಿಯಲ್ ಇನ್ನೂ ಮಜವಾದದ್ದು. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಆಮೇಲೆ ನಾವು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಇದೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ, 1887ರಲ್ಲಿ. ಆದರೆ ಡಿ ಅಂದರೆ ದೇವನಹಳ್ಳಿ. ಹುಟ್ಟಿದ ಊರನ್ನು ಬಿಟ್ಟು ಮನೆತನದ ಊರು ಹೆಸರಿಗೆ ಅಂಟಿಕೊಂಡು ಬಂತು. ಆ ಮೂರಕ್ಷರ ಡಿವಿಜಿ ಎಂದು ಕೂಡಿಕೊಂಡು ಎಂಥ ಗಟ್ಟಿ ಹೆಸರಾಯಿತೆಂದರೆ ಅದನ್ನು ಬಿಡಿಸಿ ಓದುವವರೇ ಈಗ ಇಲ್ಲ. ಇದಕ್ಕಿಂತ ಸ್ವಾರಸ್ಯ ಮಾಸ್ತಿಯವರದು. ಮಾಲೂರು ತಾಲ್ಲೂಕಿನ ವೆಂಕಟೇಶ ಅಯ್ಯಂಗಾರ್ಯರು ತಾವಾಗಿ ಆರಿಸಿಕೊಂಡ ಕಾವ್ಯನಾಮ ಶ್ರೀನಿವಾಸ. ಓದುಗರು ಅದನ್ನು ಪುಸ್ತಕದ ಮುಖಪುಟದಲ್ಲಿ ಬಿಟ್ಟು, ಅವರ ಊರಿನ ಹೆಸರನ್ನೇ ಅವರಿಗೆ ಇಟ್ಟರು. 1983ರ ಜ್ಞಾನಪೀಠ ಯಾರಿಗೆ ಬಂತು ಎಂದರೆ ಯಾರೂ ಶ್ರೀನಿವಾಸರಿಗೆ ಎನ್ನುವುದಿಲ್ಲ, ಮಾಸ್ತಿಗೆ ಎನ್ನುತ್ತಾರೆ. ಅಂದಹಾಗೆ, ಮಾಸ್ತಿಯವರು ಇಂದು ಖಾತೆ ತೆರೆಯಲು ಬಂದಿದ್ದರೆ ಶ್ರೀನಿವಾಸ ಎಂಬುದು ಸಿಗುವ ಮಾತೇ ಇರಲಿಲ್ಲ.

ಅವರಿಬ್ಬರಿಗೂ ಇದ್ದ ಒಂದು ಅನುಕೂಲ ಕುಮಾರನಿಗಿಲ್ಲ. ಅವರು ಹೆಸರನ್ನು ಕನ್ನಡದಲ್ಲಿ ಬರೆದುಕೊಂಡರು. ಇನ್‌ಸ್ಟಾಗ್ರಾಮ್ ಆಗಲಿ, ಎಕ್ಸ್ ಆಗಲಿ, ಜಿಮೇಲ್ ಆಗಲಿ ತೋರಿಕೆಯ ಹೆಸರನ್ನು ಕನ್ನಡದಲ್ಲಿ ಬರೆಯಲು ಬಿಡುತ್ತವೆ, ಯೂಸರ್‌ನೇಮ್‌ಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಹೆಚ್ಚೆಂದರೆ ಚುಕ್ಕಿಯೋ ಅಡಿಗೆರೆಯೋ, ಇಷ್ಟೇ. ಎಕ್ಸ್‌ನಲ್ಲಿ ಹದಿನೈದು ಅಕ್ಷರಕ್ಕೆ ಬೇಲಿ, ಇನ್‌ಸ್ಟಾಗ್ರಾಮಿನಲ್ಲಿ ಮೂವತ್ತಕ್ಕೆ. ವೆಂಕಟರಮಣಪ್ಪ ಎಂಬ ಹೆಸರು ಇಂಗ್ಲಿಷಿನಲ್ಲಿ ಬರೆದು ಮುಗಿಯುವ ಮೊದಲೇ ಹದಿನೈದು ಮುಗಿದು, ಇನಿಷಿಯಲ್‌ಗಂತೂ ಜಾಗವೇ ಇಲ್ಲದೆ ಹೋಗುತ್ತದೆ. ಳಕಾರ ಣಕಾರಗಳ ಗತಿ ಹೇಳುವುದೇ ಬೇಡ, ಕಾಳಪ್ಪನೂ ಕಾಲಪ್ಪನೂ ಅಲ್ಲಿ ಒಬ್ಬನೇ. ಆದರೆ ಇದೇ ಕೊರತೆಯಿಂದ ಒಂದು ಲಾಭವೂ ಆಯಿತು. ಒಂದು ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯಬಹುದು, ಒಂದು ಬಗೆ ಹೋದರೆ ಇನ್ನೊಂದು. ಸಂಖ್ಯಾಶಾಸ್ತ್ರದವರು ಇದನ್ನು ಮೊದಲೇ ಕಂಡುಕೊಂಡಿದ್ದರು. ನಮ್ಮ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೇ 2007ರಲ್ಲಿ ಇಂಗ್ಲಿಷ್ ಹೆಸರಿಗೊಂದು ಡಿ ಹೆಚ್ಚಿಸಿಕೊಂಡು 2019ರಲ್ಲಿ ಮತ್ತೆ ತೆಗೆದರಲ್ಲ.

ಈ ತಿರುಚಿದ ಅಕ್ಷರಗಳ ಲೆಕ್ಕದಲ್ಲಿ ಕೆ.ಜಿ.ಎಫ್.ನವರಷ್ಟು ಶ್ರೀಮಂತರು ಯಾರೂ ಇಲ್ಲ. ಊರಿಗಾಂ ಎಂಬುದನ್ನು ಬ್ರಿಟಿಷರು ಮೊದಲಿಗೆ ಎರಡು ಓ, ಕೊನೆಗೆ ಎ, ಯು, ಎಂ ಹಾಕಿ ಬರೆದರು. ನಂದಿದುರ್ಗವನ್ನು ಎನ್, ಯು, ಎನ್, ಡಿ, ವೈ ಎಂದು ಶುರು ಮಾಡಿ ಡಿ, ಆರ್, ಎರಡು ಓ, ಜಿ ಎಂದು ಮುಗಿಸಿದರು. ಬಾಯಲ್ಲಿ ಹೇಳಿದರೆ ನಂಡಿಡ್ರೂಗ್. ನಂದಿಬೆಟ್ಟ ಇರುವುದು ಚಿಕ್ಕಬಳ್ಳಾಪುರದ ಬಳಿ, ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲೇ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಗಣಿಗೆ ಆ ಹೆಸರು ಯಾಕೆ ಎಂದು ಹೊರಗಿನವರು ಕೇಳುವುದುಂಟು. ಹತ್ತೊಂಬತ್ತನೇ ಶತಮಾನದ ಅರುವತ್ತರ ದಶಕದಲ್ಲಿ ಮೈಸೂರು ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಿದ್ದರು, ಕೋಲಾರ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ಲಂಡನ್ನಿನಲ್ಲಿ ಷೇರು ಮಾರುವವರಿಗೆ ಸರ್ಕಾರಿ ನಕ್ಷೆಯ ಮೇಲಿದ್ದ ದೊಡ್ಡ ಹೆಸರು ಅನುಕೂಲವೇ. ಇಲ್ಲಿನ ಮೈಸೂರು ಗಣಿ ಮೈಸೂರಿನಲ್ಲಿಲ್ಲ, ಕೋರಮಂಡಲ್ ರೈಲು ನಿಲ್ದಾಣದ ಹತ್ತಿರ ಸಮುದ್ರವಿಲ್ಲ. ಎಲ್ಲ ಎರವಲು ಹೆಸರೇ.

ಆ ವಿಭಾಗಗಳ ಕಾಲದ ಕಮಿಷನರ್ ಲೆವಿನ್ ಬೌರಿಂಗ್. 1862ರಿಂದ 1870ರವರೆಗೆ ಆಳಿದ ಅವನ ಹೆಸರೇ ನಮ್ಮ ಪಕ್ಕದ ಜಂಕ್ಷನ್ನಿಗೆ ಬಂತು, ಬೌರಿಂಗ್‌ಪೇಟೆ. ಮುಂದೆ ಅದು ಬಂಗಾರಪೇಟೆಯಾಯಿತು. ಚಿನ್ನದ ಸೀಮೆಯ ಬಾಗಿಲಿಗೆ ಬಂಗಾರಪೇಟೆ ಎಂಬ ಹೆಸರು ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಹಳೆಯದು ಬೌರಿಂಗ್ ಎಂದರೆ ನಂಬುವವರು ಕಡಿಮೆ. ನಂಬದವರು ಟಿಕೆಟ್ ನೋಡಲಿ. ರೈಲ್ವೆಯವರ ಕೋಡು ಇಂದಿಗೂ ಬಿ, ಡಬ್ಲ್ಯು, ಟಿ. ಊರು ಹೆಸರು ಬದಲಿಸಿತು, ಯೂಸರ್‌ನೇಮ್ ಬದಲಾಗಲಿಲ್ಲ. ಬೆಂಗಳೂರಿನವರಿಗೆ ಮಾತ್ರ ಬಂಗಾರಪೇಟೆ ಎಂದರೆ ಜಂಕ್ಷನ್ನೂ ಅಲ್ಲ, ಬೌರಿಂಗೂ ಅಲ್ಲ, ತಿಳಿನೀರಿನ ಪಾನಿಪುರಿ. ಅಲ್ಲಿನ ಎಷ್ಟೋ ಚಾಟ್ಸ್ ಅಂಗಡಿಗಳು ನಮ್ಮ ಪಕ್ಕದೂರಿನ ಹೆಸರು ಹೊತ್ತು ನಿಂತಿವೆ, ನಮ್ಮನ್ನು ಒಂದು ಮಾತು ಕೇಳದೆ.

ಕುಮಾರನ ಮೂರನೆಯ ಹೆಸರು ಹೊರಟದ್ದು ಹೀಗೆ ಕೈಬದಲಾದ ಊರಿನ ಹೆಸರಿನಿಂದಲೇ. ಆರ್ಕುಟ್ ಕಾಲದಲ್ಲಿ ಅವನು ಹೆಸರಿನ ಮುಂದೆ ಕೆಜಿಎಫ್ ಎಂದು ಸೇರಿಸಿಕೊಂಡಿದ್ದ, ಊರಿನ ಮೇಲಿನ ಅಭಿಮಾನಕ್ಕೆ. 2014ರಲ್ಲಿ ಆರ್ಕುಟ್ ಮುಚ್ಚಿದಾಗ ಅದೇ ಹೆಸರನ್ನು ಇನ್‌ಸ್ಟಾಗ್ರಾಮಿಗೆ ತಂದ. ನಾಲ್ಕು ವರ್ಷ ಯಾರ ತಕರಾರೂ ಇರಲಿಲ್ಲ. ಸಿನಿಮಾ ಬಂದದ್ದೇ ತಡ, ಬಿಹಾರದಿಂದ, ಕೇರಳದಿಂದ ಗುರುತು ಪರಿಚಯವಿಲ್ಲದವರು ಬಂದು ರಾಕಿ ಭಾಯ್ ಎನ್ನತೊಡಗಿದರು. ಇವನು ಗಣಿ ಕಾರ್ಮಿಕನ ಮಗ, ಅವರ ಕಣ್ಣಿಗೆ ಸಿನಿಮಾದ ಅಭಿಮಾನಿ. ಸಿನಿಮಾದಲ್ಲಿ ರಾಕಿಯದೂ ಅಸಲಿ ಹೆಸರಲ್ಲ, ರಾಜಾ ಕೃಷ್ಣಪ್ಪ ಎಂಬ ಹುಡುಗ ಬೊಂಬಾಯಿಯಲ್ಲಿ ಸಂಪಾದಿಸಿದ್ದು. ಪಾತ್ರ ಮಾಡಿದ ಯಶ್ ಅವರ ಅಸಲಿ ಹೆಸರು ನವೀನ್ ಕುಮಾರ್ ಗೌಡ. ಅವರೂ ಒಬ್ಬ ಕುಮಾರ್ ಎಂಬುದಷ್ಟೇ ನಮ್ಮವನಿಗೆ ಸಮಾಧಾನ.

ಹೊಸ ಹೆಸರಿಗೆ ಅವನು ಮೊದಲು ಯೋಚಿಸಿದ್ದು ಗಾಡಿಯ ನಂಬರು. ಕೆ.ಜಿ.ಎಫ್. ಆರ್‌ಟಿಓದ ಗುರುತು ಕೆಎ 08, ಕೋಲಾರದ್ದು ಕೆಎ 07. ಊರಿನ ಹುಡುಗರಿಗೆ ಈ 08 ಎಂದರೆ ಪ್ರಾಣ. ಬೈಕಿನ ಟ್ಯಾಂಕಿನ ಮೇಲೆ, ಕ್ರಿಕೆಟ್ ಜೆರ್ಸಿಯ ಬೆನ್ನ ಮೇಲೆ, ಐಡಿಯ ಕೊನೆಯಲ್ಲಿ ಅದೇ. ಯಾರದ್ದಾದರೂ ಹೆಸರಿನ ಕೊನೆಗೆ 08 ಕಂಡರೆ ಅದು ಹುಟ್ಟಿದ ವರ್ಷವೋ ಹುಟ್ಟಿದ ಊರೋ ಎಂದು ತೀರ್ಮಾನಿಸುವ ಮುಂಚೆ ಫೋಟೋ ನೋಡಬೇಕು. ಆದರೆ ಅಲ್ಲಿಯೂ ನೂಕುನುಗ್ಗಲು. ಆಗ ಅವನಿಗೆ ಹೊಳೆದದ್ದು ಅಪ್ಪನ ಹಳೆಯ ಕಾಗದಪತ್ರ. ಕಂಪನಿಯ ಚೀಟಿಯ ಮೇಲಿದ್ದ ಆ ಕಾಗುಣಿತ, ವೈ ಮತ್ತು ಎರಡು ಓ. ಸರಿಯಾದ ಕಾಗುಣಿತದಲ್ಲಿ ನಂದಿ ಎಂದು ಹಾಕಿದ್ದರೆ ಬೆಟ್ಟದ ಮೇಲೆ ಸೂರ್ಯೋದಯದ ಸೆಲ್ಫಿ ತೆಗೆಯುವವರ ಗುಂಪಿನಲ್ಲಿ ಕಳೆದುಹೋಗುತ್ತಿದ್ದ. ಗುಮಾಸ್ತನೊಬ್ಬನ ಕಿವಿಗೆ ಬಿದ್ದಂತೆ ಬರೆದ ಆ ಕಾಗುಣಿತ ಬೇರೆ ಯಾರಿಗೂ ಬೇಕಿರಲಿಲ್ಲ. ಗಣಿ ಮುಚ್ಚಿತ್ತು, ಕಂಪನಿ ಇರಲಿಲ್ಲ. ಮುಂದೆ ಎಂ, ಹಿಂದೆ ಏನೂ ಇಲ್ಲ, ಅಂಕಿಯೂ ಇಲ್ಲ. ಒಂದೇ ಏಟಿಗೆ ಸಿಕ್ಕಿತು.

ಅಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಆದರೆ ಈಗ ನಮ್ಮ ಬಹುತೇಕ ವ್ಯವಹಾರ ಫೋನ್ ನಂಬರಿನ ಮೇಲೆ ನಡೆಯುತ್ತದೆ. ಇನ್ನೊಬ್ಬರ ಫೋನಿನಲ್ಲಿ ನಮಗಿರುವ ಹೆಸರು ಅವರು ಸೇವ್ ಮಾಡಿಕೊಂಡದ್ದು. ನಿಮ್ಮ ಫೋನ್ ಬುಕ್ ತೆಗೆದು ನೋಡಿ: ಗ್ಯಾಸ್ ಮಂಜು, ಆಟೋ ಬಾಬು, ಮೋಟರ್ ರಿಪೇರಿ ಶಫಿ, ಹಾಲು ಅಕ್ಕ. ಮಿಲ್ಲಿನ ಮುನಿಯಪ್ಪನ ಕಾಲದ ಪದ್ಧತಿಯೇ ಒಂದಕ್ಷರ ಬದಲಾಗದೆ ಬಂದಿದೆ. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಟ್ರೂಕಾಲರ್ ಬಳಕೆದಾರರು ಹಂಚಿಕೊಂಡ, ಸೂಚಿಸಿದ ಹೆಸರುಗಳನ್ನು ಕಲೆಹಾಕಿ ಕರೆ ಬಂದಾಗ ತೋರಿಸುತ್ತದೆ. ಹಾಗಾಗಿ ಬೀದಿಯವರು ಇಟ್ಟ ಹೆಸರು ಬೀದಿಯಲ್ಲೇ ಉಳಿಯುವುದಿಲ್ಲ, ಗುರುತಿಲ್ಲದವರಿಗೂ ತಲುಪುತ್ತದೆ. ಯಾರೋ ಕೋಪದಲ್ಲಿ ಸಾಲಗಾರ ಎಂದು ಸೇವ್ ಮಾಡಿಕೊಂಡಿದ್ದರೆ ಕಷ್ಟ. ತಿದ್ದಿಸಿಕೊಳ್ಳಬಹುದು, ಆದರೆ ಮೊದಲು ತನಗೆ ಏನು ಹೆಸರಿದೆ ಎಂದು ತಿಳಿಯಬೇಕಲ್ಲ. ಅಸಲಿ ಹೆಸರು ಕಾಣುವ ಜಾಗ ಈಗ ಒಂದೇ, ಚಿಲ್ಲರೆ ಅಂಗಡಿಯ ಕ್ಯೂಆರ್ ಕೋಡು. ಇಪ್ಪತ್ತು ವರ್ಷದಿಂದ ಬಾಬಣ್ಣ ಎಂದು ಕರೆದವರ ಅಂಗಡಿಯಲ್ಲಿ ಟೀಗೆ ಹಣ ಹಾಕುವಾಗ ಪರದೆಯ ಮೇಲೆ ಬ್ಯಾಂಕಿನ ಪೂರ್ತಿ ಹೆಸರು ಮೂಡಿದರೆ, ಇವರು ಯಾರಪ್ಪ ಎಂದು ಒಮ್ಮೆ ತಲೆಯೆತ್ತಿ ನೋಡುವಂತಾಗುತ್ತದೆ.

ಕುಮಾರ ದಿನಾ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾನೆ. ಊರಿನಿಂದ ಸಾವಿರಾರು ಜನ ಹಾಗೆ ಪಾಸ್ ಮಾಡಿಸಿಕೊಂಡು ಓಡಾಡುತ್ತಾರೆ. ಆಫೀಸಿನ ಗೆಳೆಯನೊಬ್ಬನ ಫೋನಿನಲ್ಲಿ ತನ್ನ ನಂಬರಿಗೆ ಏನಿದೆ ಎಂದು ಕದ್ದು ನೋಡಿದ. ಅಷ್ಟು ಕಷ್ಟಪಟ್ಟು ಗಳಿಸಿದ ನಂಡಿಡ್ರೂಗ್ ಅಲ್ಲಿರಲಿಲ್ಲ. ಟ್ರೇನ್ ಕುಮಾರ್ 2 ಎಂದಿತ್ತು. ಒಂದನೆಯವನು ಮಾಲೂರಿನಲ್ಲಿ ಹತ್ತುತ್ತಾನಂತೆ.